ಬುಟ್ಟಿಗೆ ಬಿದ್ದ ಕ್ಷಮಾಪತ್ರ

ಹೋದ ತಿಂಗಳು ಒಂದು ಮದುವೆಗೆಂದು ಚನ್ನಪಟ್ಟಣಕ್ಕೆ ಹೋಗಿದ್ದೆ. ಈಗ ಮೈಸೂರಿನ ಕಡೆ ಹೋಗುವ ಕಾರುಗಳೆಲ್ಲ ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗಿಬಿಡುತ್ತವೆ. ನಾನು ಮಾಗಡಿಯಿಂದ ರಾಮನಗರಕ್ಕೆ ಬಂದು, ಅಲ್ಲಿಂದ ಕೆಂಪು ಬಸ್ಸು ಹತ್ತಿದವಳಾದ್ದರಿಂದ ಹಳೇ ರಸ್ತೆಯಲ್ಲೇ ಬಂದಿಳಿದೆ. ಛತ್ರಕ್ಕೆ ಹತ್ತಿರವೆಂದು ಒಂದು ಗಲ್ಲಿಯೊಳಗೆ ನುಗ್ಗಿದೆ. ಯಾರದೋ ಮನೆಯ ಮುಂದಿನ ಕೋಣೆಯಲ್ಲಿ ಬೊಂಬೆ ಕಡೆಯುವ ಲೇತ್ ತಿರುಗುತ್ತಿತ್ತು. ಬಿಸಿಯಾದ ಅರಗಿನ ವಾಸನೆ ಮೂಗಿಗೆ ಬಡಿಯಿತು. ಅಂಚೆ ಕಚೇರಿಯಲ್ಲಿ ಸೀಲು ಒತ್ತುವಾಗ ಬರುತ್ತಿತ್ತಲ್ಲ, ಅದಕ್ಕೆ ಒಂದಿಷ್ಟು ಹಸಿ ಮರದ ವಾಸನೆ ಬೆರೆಸಿದ ಹಾಗೆ. ರೇಷ್ಮೆ ಸೀರೆ ಉಟ್ಟುಕೊಂಡು, ತಲೆಗೆ ಮಲ್ಲಿಗೆ ಮುಡಿದುಕೊಂಡು, ಯಾರದೋ ಮನೆಯ ಕಿಟಕಿಯೆದುರು ಐದು ನಿಮಿಷ ಸುಮ್ಮನೆ ನಿಂತೆ. ಒಳಗಿದ್ದಾತ ಮಿಷನ್ ನಿಲ್ಲಿಸಿ, "ಏನಮ್ಮ, ಬೊಂಬೆ ಬೇಕಾ?" ಎಂದ. ಬೇಡಪ್ಪ, ವಾಸನೆ ಸಾಕು ಎಂದರೆ ಹುಚ್ಚಿ ಎಂದುಕೊಂಡಾನು ಅನ್ನಿಸಿ, ಒಂದು ಬುಗುರಿ ಕೊಂಡುಕೊಂಡು ಮುಂದೆ ಹೋದೆ. ಮದುವೆಯಲ್ಲಿ ಊಟ ಚೆನ್ನಾಗಿತ್ತಂತೆ. ನನಗೆ ಅದರ ರುಚಿಯೇ ತಿಳಿಯಲಿಲ್ಲ. ತಲೆಯೊಳಗೆ ಆ ಒಂದು ಮಾವಿನ ಕಾಲ ಓಡುತ್ತಿತ್ತು.

ನಾನಾಗ ಚನ್ನಪಟ್ಟಣದ ಒಂದು ಸಣ್ಣ ಟ್ರಸ್ಟಿನ ಆಫೀಸು ನೋಡಿಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳಿಗೆ ಬೊಂಬೆ ಕೆಲಸ ಕಲಿಸಿ, ಕಲಿತವರಿಗೆ ಅಲ್ಲೇ ಕೆಲಸ ಕೊಡುವ ಟ್ರಸ್ಟು ಅದು. ಕಟ್ಟಿದವರು ವಿಶಾಲಾಕ್ಷಿ ಮೇಡಂ. ಹೈಸ್ಕೂಲಿನ ಹೆಡ್‌ಮೇಡಂ ಆಗಿ ರಿಟೈರಾದವರು; ಎಪ್ಪತ್ತೆಂಟು ವಯಸ್ಸಾಗಿ, ಮಂಡಿ ಕೈಕೊಟ್ಟಿದ್ದರೂ ನಾಲಿಗೆಗೆ ಒಂದು ದಿನವೂ ಸುಸ್ತಾಗಿದ್ದು ನಾನು ಕಾಣೆ. ನಮ್ಮ ಕೆಲಸದ ಮನೆ ಇದ್ದದ್ದು ಚಿಕ್ಕೇಗೌಡರ ಶೆಡ್ಡಿನಲ್ಲಿ. ಗೌಡರ ತಂದೆಯ ಕಾಲದಲ್ಲಿ ಅಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಅದು ನಿಂತ ಮೇಲೆ ಗೌಡರು ಶೆಡ್ಡನ್ನು ನಮಗೆ ಬಿಟ್ಟುಕೊಟ್ಟು, ತಾವೂ ಒಬ್ಬ ಟ್ರಸ್ಟಿಯಾದರು.

ಗೌಡರ ಬಗ್ಗೆ ಮೊದಲೇ ಹೇಳಿಬಿಡಬೇಕು: ಅವರು ಕೆಟ್ಟವರಲ್ಲ. ಕೆಲಸದ ಹುಡುಗಿಯೊಬ್ಬಳಿಗೆ ಹೆರಿಗೆ ನೋವು ಬಂದಾಗ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಸೇರಿಸಿ, ಮಗು ಅತ್ತ ಸದ್ದು ಕೇಳುವ ತನಕ ಬಾಗಿಲಲ್ಲಿ ಕೂತಿದ್ದವರು. ಆದರೆ ಮೈಕು ಕೈಗೆ ಬಂದರೆ ಮನುಷ್ಯನೇ ಬೇರೆ. ಸಭೆ ನಗಬೇಕು, ಅದೊಂದು ಅವರಿಗೆ ಚಟ. ನಗಿಸುವುದಕ್ಕೆ ಅವರಿಗೆ ಸುಲಭವಾಗಿ ಸಿಗುತ್ತಿದ್ದದ್ದು ಹೆಂಗಸರು. ಹನ್ನೆರಡು ವರ್ಷ ನಾನು ಅದನ್ನು ಕೇಳಿಕೊಂಡೇ ಬಂದಿದ್ದೆ. ಗೌಡ್ರು ಹಾಗೇ ಬಿಡಿ ಎನ್ನುವುದು ನಮ್ಮೆಲ್ಲರ ಬಾಯಿಪಾಠವಾಗಿತ್ತು.

ಮಾರ್ಚಿ ತಿಂಗಳ ಕೊನೆ. ಕಬ್ಬಾಳಿನ ಹತ್ತಿರದ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ನಾವು ಮಹಿಳಾ ದಿನಾಚರಣೆ ಇಟ್ಟುಕೊಂಡಿದ್ದೆವು. ದಿನಾಚರಣೆ ನೆಪ, ಅಲ್ಲೊಂದು ಹೊಸ ಸೆಂಟರ್ ತೆರೆಯಬೇಕು ಎನ್ನುವುದು ಅಸಲಿ ಉದ್ದೇಶ. ಆ ಸೆಂಟರು ಶಾಹೀನಾಳ ಕನಸು. ಶಾಹೀನಾ ನಮ್ಮಲ್ಲಿ ಎಲ್ಲರಿಗೂ ಕೆಲಸ ಕಲಿಸುವವಳು. ಅವಳ ಅಜ್ಜ, ಅಪ್ಪ ಎಲ್ಲ ಬೊಂಬೆ ಮಾಡಿದವರೇ. ಗಂಡ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಹದಿನಾರು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ದುಡಿದವಳಿಗೆ ತನ್ನದೇ ಒಂದು ಜಾಗದಲ್ಲಿ, ತಾನೇ ಮುಖ್ಯಸ್ಥೆಯಾಗಿ ಕಲಿಸಬೇಕು ಎನ್ನುವ ಆಸೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಆ ಹಳ್ಳಿಗೆ ಹೋಗಿ, ಮನೆಮನೆ ಸುತ್ತಿ, ಹದಿನೇಳು ಜನರ ಹೆಸರು ಬರೆಸಿಕೊಂಡು ಬಂದಿದ್ದಳು. ಆ ಪಟ್ಟಿ ನನ್ನ ಬ್ಯಾಗಿನಲ್ಲಿತ್ತು.

ಮಂಡಿ ನೋವಿನಿಂದ ಮೇಡಂ ಆ ದಿನ ಬರಲಿಲ್ಲ. ವೇದಿಕೆಯ ಮೇಲೆ ಗೌಡರು ದೊಡ್ಡವರು. ಶಾಹೀನಾ ಮಾತಾಡಲು ಎದ್ದಳು. ಮೊದಲು ಮಾತು ತಡವರಿಸಿತು, ಆಮೇಲೆ ಸರಾಗವಾಯಿತು. "ಇಲ್ಲಿ ಸೆಂಟರ್ ಆದ್ರೆ ನಾನೇ ಬಂದು ಕಲಿಸ್ತೀನಿ. ಆರು ತಿಂಗಳಲ್ಲಿ ನಿಮ್ ಕೈಯಲ್ಲಿ..." ಎನ್ನುವಷ್ಟರಲ್ಲಿ ಗೌಡರು ಎದ್ದು ಬಂದು, ನಗುತ್ತಾ ಅವಳ ಕೈಯಿಂದ ಮೈಕು ಕಿತ್ತುಕೊಂಡರು.

"ಸಾಕ್ ಕಣವ್ವ! ಹೆಂಗಸ್ರ ಕೈಗೆ ಮೈಕ್ ಕೊಟ್ರೆ ಮುಗೀತು, ಊಟದ್ ಹೊತ್ತಾದ್ರೂ ನಿಲ್ಸಾಕಿಲ್ಲ. ಬೊಂಬೆ ಮಾಡೋರು ಬೊಂಬೆಯಂಗಿರ್ಬೇಕು ಕಣ್ರಪ್ಪಾ. ನೋಡಾಕ್ ಚೆಂದಾಗಿರ್ಬೇಕು, ಬಾಯಿರ್ಬಾರ್ದು. ನಮ್ಮನೇಲಿ ನೋಡಿ, ಮೂವತ್ತೈದ್ ವರ್ಸ ಆಯ್ತು, ಕೂರ್ಸಿದ್ ತಾವೇ ಕುಂತವ್ಳೆ! ಈವಮ್ಮನ ತಾವ ಕಲಿಯಾಕ್ ಕಳ್ಸಿದ್ರೆ ನಾಳೆ ನಿಮ್ಮೆಣ್ಮಕ್ಳೂ ಇಂಗೇ ಮೈಕ್ ಇಡ್ಕೊಂಡ್ ನಿಂತ್ಕತಾರೆ, ಹುಷಾರು!"

ಸಭೆ ಗೊಳ್ಳೆಂದು ನಕ್ಕಿತು. ಶಾಹೀನಾ ಖಾಲಿ ಕೈಯನ್ನು ಒಂದು ಕ್ಷಣ ಹಾಗೇ ಮುಂದೆ ಹಿಡಿದುಕೊಂಡಿದ್ದು, ಆಮೇಲೆ ಸೆರಗಿನೊಳಗೆ ಸೇರಿಸಿಕೊಂಡು ಕೆಳಗಿಳಿದಳು. ನಾನೂ ನಕ್ಕಿದ್ದೆ. ನಗಬೇಕೆಂದು ನಕ್ಕದ್ದಲ್ಲ, ಗೌಡರು ಜೋಕು ಹೇಳಿದರೆ ನಗುವುದು ಹನ್ನೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿ ತೆರೆದುಕೊಂಡಿತು.

ಮಾರನೇ ದಿನ ಅದರ ವಿಡಿಯೋ ಎಲ್ಲರ ವಾಟ್ಸಾಪಿನಲ್ಲಿತ್ತು, ನಗುವ ಮುಖಗಳನ್ನು ಅಂಟಿಸಿಕೊಂಡು. ಆ ವಾರದಲ್ಲೇ ಕಬ್ಬಾಳಿನ ಕಡೆಯಿಂದ ಫೋನುಗಳು ಶುರುವಾದವು. ಒಬ್ಬಳ ಮಾವನಿಗೆ ಇಷ್ಟವಿಲ್ಲವಂತೆ, ಇನ್ನೊಬ್ಬಳ ಅಣ್ಣ ಬೇಡ ಅಂದನಂತೆ. "ನಿಮ್ ಟ್ರಸ್ಟಿನ ದೊಡ್ಡೋರೇ ಹಂಗಂದ್ ಮೇಲೆ ನಾವೇನ್ ಹೇಳೋದು ಮೇಡಂ?" ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು. ನಾನು ಒಂದೊಂದೇ ಹೆಸರಿನ ಮೇಲೆ ಗೆರೆ ಎಳೆಯುತ್ತಾ ಹೋದೆ. ಹದಿನೇಳರಲ್ಲಿ ಉಳಿದದ್ದು ಇಬ್ಬರು. ಶಾಹೀನಾ ಎಂದಿನ ಹಾಗೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಲೇತಿನ ಮುಂದೆ ಕೂತಳು. ಪಟ್ಟಿ ತೋರಿಸಿದರೆ ನೋಡಲಿಲ್ಲ.

"ಸೆಂಟರ್ ಬೇಡ ಅಂತ ಬರ್ಕೊಂಬಿಡಿ ಅಕ್ಕಾ," ಎಂದಳು. "ಆ ಊರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮೇಡಂ ವಿಡಿಯೋವನ್ನು ಮೂರು ಸಲ ನೋಡಿ ಟ್ರಸ್ಟಿಗಳ ಸಭೆ ಕರೆದರು. ಏಪ್ರಿಲ್ಲಿನ ಕಾದ ಮಧ್ಯಾಹ್ನ. ಗೌಡರು ತಮ್ಮ ತೋಟದ ಮೊದಲ ರಸಪುರಿ ಮಾವಿನ ಹಣ್ಣುಗಳನ್ನು ಹೊತ್ತುಕೊಂಡೇ ಬಂದರು. ಏನು ನಡೆಯುತ್ತಿದೆ ಎನ್ನುವುದೇ ಅವರಿಗೆ ಗೊತ್ತಾಗಿರಲಿಲ್ಲ, ಪಾಪ. "ತಮಾಸೆಗಂದಿದ್ದು ಮೇಡಂ! ಎಲ್ರೂ ನಕ್ರು, ಬೇಕಾದ್ರೆ ಸುಮಿತ್ರಮ್ಮನ್ನೇ ಕೇಳಿ," ಎಂದು ನನ್ನ ಕಡೆ ಕೈ ತೋರಿಸಿದರು. ನಾನು ನಡಾವಳಿ ಪುಸ್ತಕದೊಳಗೆ ಮುಖ ಇಟ್ಟೆ. ಇನ್ನೊಬ್ಬ ಟ್ರಸ್ಟಿ, ಡಾಕ್ಟರು, ಬಾಯಿ ತಪ್ಪಿ ಬಂದ ಮಾತು ಬಿಟ್ಟುಬಿಡೋಣ ಎಂದರು. ಮೇಡಂ ಟ್ರಸ್ಟಿನ ನಿಯಮಾವಳಿ ತರಿಸಿ ಕನ್ನಡಕ ಏರಿಸಿಕೊಂಡು ಓದಿದರು. ಓದಿ ಜೋರಾಗಿ ನಕ್ಕರು.

"ನೋಡಿ, ನಾನೇ ಬರೆದದ್ದು. ಮೂರು ಸಭೆಗೆ ಬರದಿದ್ದರೆ ಟ್ರಸ್ಟಿಯನ್ನು ತೆಗೆಯಬಹುದು. ಹುಚ್ಚು ಹಿಡಿದರೆ ತೆಗೆಯಬಹುದು. ಜೈಲಿಗೆ ಹೋದರೆ ತೆಗೆಯಬಹುದು. ಎಲ್ಲ ಸಭೆಗೂ ತಪ್ಪದೆ ಬಂದು, ಬುದ್ಧಿ ನೆಟ್ಟಗಿದ್ದು, ಹೆಣ್ಣುಮಕ್ಕಳ ಮಾನ ಕಳೆದರೆ ಏನು ಮಾಡಬೇಕು ಅಂತ ಎಲ್ಲೂ ಇಲ್ಲ. ಹೆಣ್ಣುಮಕ್ಕಳಿಗೇ ಅಂತ ಕಟ್ಟಿದ ಟ್ರಸ್ಟು!"

ಕೊನೆಗೆ ಒಂದು ಪತ್ರ ಬರೆಯಲು ಗೌಡರು ಒಪ್ಪಿದರು. ಅವರು ಹೇಳಿದರು, ನಾನು ಟೈಪು ಮಾಡಿದೆ. ನಾಲ್ಕು ಸಾಲು. 'ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ' ಎನ್ನುವುದು ಅದರ ಸಾರ. ಕೆಳಗೆ ಸಹಿ, ಟ್ರಸ್ಟಿನ ಮೊಹರು. ಕೆಲಸದ ಮನೆಯ ನೋಟೀಸು ಬೋರ್ಡಿಗೆ ನಾಲ್ಕು ಪಿನ್ನು ಚುಚ್ಚಿ ಹಾಕಿದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು. ಒಂದು ರಸಪುರಿ ಹಣ್ಣು ತಿಂದು ಕೈ ತೊಳೆದುಕೊಂಡೆ.

ನಮ್ಮ ಕೆಲಸದ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಬಾಗಿಲ ಬಳಿ ಒಂದು ಬಿದಿರಿನ ಬುಟ್ಟಿ ಇತ್ತು, ಕೆಟ್ಟ ಪೀಸುಗಳಿಗೆ. ಲೇತಿನ ಮೇಲೆ ಮರ ತಿರುಗುವಾಗ ಉಳಿ ಕೊಂಚ ಹೆಚ್ಚು ಒತ್ತಿದರೆ ಬೊಂಬೆಯ ಕತ್ತು ಹಾರಿಹೋಗುತ್ತದೆ. ಅರಗಿನ ಕಡ್ಡಿ ಹಿಡಿಯುವಾಗ ಕೈ ನಿಧಾನವಾದರೆ ಬಣ್ಣ ಗಂಟುಗಂಟಾಗುತ್ತದೆ. ಹಾಗೆ ಕೆಟ್ಟರೆ, ಕೆಡಿಸಿದವಳೇ ಎದ್ದು, ಎಲ್ಲರಿಗೂ ಕಾಣುವ ಹಾಗೆ ಅದನ್ನು ಎತ್ತಿ ಹಿಡಿದು, ಏನು ಮಾಡಿದೆನೆಂದು ಬಾಯಿಬಿಟ್ಟು ಹೇಳಿ ಬುಟ್ಟಿಗೆ ಹಾಕಬೇಕು. "ಉಳಿ ಜಾಸ್ತಿ ಒತ್ತಿದೆ, ಕತ್ತು ಹೋಯ್ತು." ಅಷ್ಟೇ. ಮರ ಸರಿಯಿರಲಿಲ್ಲ, ಕರೆಂಟು ಏರುಪೇರಾಯಿತು ಎನ್ನುವ ಹಾಗಿಲ್ಲ. ಕೇಳಿದವರು ನಗುವ ಹಾಗಿಲ್ಲ, ಪರವಾಗಿಲ್ಲ ಬಿಡು ಎಂದು ಸಮಾಧಾನ ಹೇಳುವ ಹಾಗೂ ಇಲ್ಲ. ಹೇಳಿ, ಹಾಕಿ, ಬಂದು ಇನ್ನೊಂದು ಮರದ ತುಂಡು ಹೂಡುವುದು. ಶಾಹೀನಾಳ ಅಜ್ಜ ಹಾಕಿಕೊಟ್ಟ ಪದ್ಧತಿಯಂತೆ. ಬೇರೆ ಕಡೆ ಹುಡುಗಿಯರು ಕೆಟ್ಟ ಪೀಸನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಹೋಗಿ ಚರಂಡಿಗೆ ಎಸೆಯುತ್ತಾರೆ. ನಮ್ಮಲ್ಲಿ ಕಲಿಯಲು ಬಂದು ಎರಡು ವಾರವಾದ ಹುಡುಗಿಯೂ ತಲೆಯೆತ್ತಿ ಎದ್ದು ನಿಲ್ಲುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ನೋಟೀಸು ಬೋರ್ಡಿನಲ್ಲಿ ಬರೀ ಪಿನ್ನುಗಳಿದ್ದವು. ಗೌಡರ ಪತ್ರ ಬುಟ್ಟಿಯಲ್ಲಿ, ಒಂದು ಮುರಿದ ಗಿಲಕಿಯ ಪಕ್ಕ ಬಿದ್ದಿತ್ತು.

"ಯಾರಮ್ಮ ಇದು?" ಎಂದೆ.

"ನಾನೇ ಅಕ್ಕಾ," ಎಂದಳು ಶಾಹೀನಾ. ಮಿಷನ್ ನಿಲ್ಲಿಸಿದಳು. "ನೋವಾಗಿದ್ದರೆ ಅಂತ ಬರ್ದವ್ರಲ್ಲ. ನಮ್ಮಲ್ಲಿ ಯಾರಾದ್ರೂ 'ಪೀಸ್ ಒಡ್ದಿದ್ರೆ' ಅಂತಾರಾ? ಕೈಯಲ್ಲೇ ಎರಡು ತುಂಡು ಇಟ್ಕೊಂಡು? ಒಡ್ದೈತೆ. ಯಾರು ಒಡ್ದಿದ್ದು, ಹೆಂಗ್ ಒಡ್ದಿದ್ದು ಅನ್ನೋದು ಒಂದು ಸಾಲೂ ಇಲ್ಲ ಅದ್ರಲ್ಲಿ. ಅದೂ ಕೆಟ್ಟ ಪೀಸೇ. ಅದಕ್ಕೇ ಬುಟ್ಟಿಗೆ ಹಾಕ್ದೆ."

ಹದಿನಾಲ್ಕು ಲೇತುಗಳೂ ನಿಂತಿದ್ದವು. ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಆ ಪತ್ರ ಟೈಪು ಮಾಡಿದವಳು ನಾನು, ಆ ದಿನ ನಕ್ಕವಳೂ ನಾನು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಆದರೂ ಹೋಗಿ ಬುಟ್ಟಿಯ ಪಕ್ಕ ನಿಂತೆ. "ಗೌಡ್ರು ನಿನ್ನ ಕೈಯಿಂದ ಮೈಕು ಕಿತ್ಕೊಂಡಾಗ ನಾನು ನಕ್ಕೆ, ಶಾಹೀನಾ. ಎಲ್ಲರ ಜೊತೆ ಹಲ್ಲುಬಿಟ್ಟು ನಕ್ಕೆ," ಎಂದೆ. ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸಿತು. ಯಾರೂ ನಗಲಿಲ್ಲ. ಯಾರೂ ಪರವಾಗಿಲ್ಲ ಎನ್ನಲಿಲ್ಲ.

ಶಾಹೀನಾ ತನ್ನ ಲೇತಿನ ಮುಂದಿನಿಂದ ಎದ್ದು ಬಂದು, "ನೋಡಿದ್ದೆ ಅಕ್ಕಾ," ಎಂದಳು. "ಚಾ ಕುಡೀತೀರಾ?"

ಅಷ್ಟು ಹಗುರವಾಗಿ ನಾನು ಚಹಾ ಕುಡಿದದ್ದು ನೆನಪಿಲ್ಲ. ಕುಡಿಯುತ್ತಲೇ ಹೊಸ ನಿಯಮ ಹುಟ್ಟಿತು. ಕೆಲಸದ ಹುಡುಗಿಯರೆಲ್ಲ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಟ್ರಸ್ಟಿಯಾದವರು ಹೆಣ್ಣುಮಕ್ಕಳನ್ನು ನಾಲ್ಕು ಜನರೆದುರು ಹೀಯಾಳಿಸಿದರೆ, ಎಲ್ಲಿ ಆಡಿದರೋ ಅಲ್ಲೇ ನಿಂತು, ಆ ಜನರ ಮುಂದೆಯೇ, ಏನು ಮಾಡಿದೆನೆಂದು ಹೇಳಿ ತಪ್ಪೊಪ್ಪಿಕೊಳ್ಳಬೇಕು. 'ಆಗಿದ್ದರೆ' ಎನ್ನುವ ಹಾಗಿಲ್ಲ. ಒಂದು ವರ್ಷ ಟ್ರಸ್ಟಿಯ ಕುರ್ಚಿ ಬಿಡಬೇಕು. ಆಮೇಲೆ ಅವರನ್ನು ವಾಪಸ್ಸು ಕರೆಯಬೇಕೋ ಬೇಡವೋ ಎಂದು ಕೆಲಸದ ಮನೆಯವರನ್ನು ಕೇಳಬೇಕು. ಒಬ್ಬ ಹುಡುಗಿ, ಒಂದು ವಾರ ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು ಎಂದೂ ಸೇರಿಸಿ ಎಂದಳು. ಅದನ್ನು ಆಮೇಲೆ ಮೇಡಂ ಓದಿ ಹೊಡೆದುಹಾಕಿದರು, ಒಂದಿಷ್ಟು ಬೇಜಾರಿನಿಂದಲೇ.

ಸಭೆಯಲ್ಲಿ ನಿಯಮವನ್ನು ಓದಿದಾಗ ಗೌಡರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ಮೇಡಂ ಇದು? ನನ್ ಶೆಡ್ಡಲ್ ಕುಂತ್ಕಂಡು ನಂಗೇ ರೂಲ್ಸ್ ಮಾಡ್ತಾವ್ರೆ! ಎಂಗಿದ್ರೂ ನೆಳ್ಳು ಕೊಟ್ಟಿರೋನು ನಾನು!"

ಮೇಡಂ ಬೆತ್ತ ಊರಿಕೊಂಡು ಮೆಲ್ಲಗೆ ಹೇಳಿದರು. "ಚಿಕ್ಕೇಗೌಡ, ನೆರಳು ನಿಂದೇ. ನಾಳೆಯೇ ಬೀಗ ಹಾಕು. ನಮ್ಮ ಮನೆ ಹಿಂದೆ ಹೊಂಗೆ ಮರ ಇದೆ, ಅಲ್ಲಿ ಕೂತು ಮಾಡ್ತಾರೆ. ಆದರೆ ಇವತ್ತು ಕೈ ಎತ್ತಿಸದೆ ನಾನು ಏಳೋದಿಲ್ಲ."

ಡಾಕ್ಟರು ಬೆವರು ಒರೆಸಿಕೊಂಡು, ಎಲ್ಲರಿಗಿಂತ ಕೊನೆಗೆ ಕೈ ಎತ್ತಿದರು. ಗೌಡರನ್ನು ಬಿಟ್ಟು ಎಲ್ಲರೂ ಒಪ್ಪಿದ್ದಾಯಿತು. ಗೌಡರು ಜೀಪು ಹತ್ತಿ, ಗೇಟಿಗೆ ಉಜ್ಜಿಕೊಂಡೇ ಹೊರಟುಹೋದರು. ಶೆಡ್ಡಿಗೆ ಬೀಗ ಹಾಕುತ್ತಾರೆಂದು ನಾವು ದಿನಾ ಕಾದೆವು. ಹಾಕಲಿಲ್ಲ. ಬರಲೂ ಇಲ್ಲ. ಮೇ ತಿಂಗಳು ಬಂತು, ಮಾರುಕಟ್ಟೆಯಲ್ಲಿ ಬಾದಾಮಿ ಮಾವಿನ ಹಣ್ಣಿನ ರಾಶಿ ಬಿತ್ತು. ಕೆಲಸದ ಮನೆಯ ಮೂಲೆ ಮೂಲೆಯಲ್ಲೂ ಮಾವಿನ ವಾಸನೆ. ಊಟದ ಡಬ್ಬಿಗಳಲ್ಲಿ ಮಾವಿನಕಾಯಿ ಚಿತ್ರಾನ್ನ, ಮಾವಿನಕಾಯಿ ಗೊಜ್ಜು. ಶಾಹೀನಾಳ ಅಮ್ಮ ಕಳಿಸುತ್ತಿದ್ದ ಉಪ್ಪಿನಕಾಯಿಗೆ ಜಗಳವೇ ಆಗುತ್ತಿತ್ತು. ಸಂಜೆ ಒಮ್ಮೊಮ್ಮೆ ಗಾಳಿಯೆದ್ದು ತಗಡಿನ ಮೇಲೆ ದಪ್ಪ ಹನಿಯ ಮಳೆ ಬೀಳುತ್ತಿತ್ತು. ಎಲ್ಲರೂ ಖುಷಿಯಾಗಿದ್ದರು, ಶಾಹೀನಾ ಒಬ್ಬಳನ್ನು ಬಿಟ್ಟು. ನಿಯಮವೇನೋ ಪಾಸಾಗಿತ್ತು, ಕಬ್ಬಾಳಿನ ಪಟ್ಟಿಯಲ್ಲಿ ಹೆಸರು ಮಾತ್ರ ಎರಡೇ ಇದ್ದವು. ಆ ಇಬ್ಬರಲ್ಲಿ ಒಬ್ಬಳು ಮದುವೆ ಗೊತ್ತಾಗಿದೆ ಎಂದು ಫೋನು ಮಾಡಿದಳು.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಿಷನ್ ಹಾಕುವ ಹೊತ್ತಿಗೆ ಗೌಡರು ಬಾಗಿಲಲ್ಲಿ ನಿಂತಿದ್ದರು. ಜೀಪಿನ ಸದ್ದೂ ಇಲ್ಲ, ನಡೆದೇ ಬಂದಿದ್ದರು. ಗಡ್ಡ ಬಿಟ್ಟಿದ್ದರು. ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನನ್ನನ್ನು ಕರೆದರು.

"ಸುಮಿತ್ರಮ್ಮ, ಒಸಿ ಬನ್ನಿ. ನಮ್ಮವಳ್ಗೆ ಏನೋ ಆಗದೆ."

ಗಾಬರಿಯಾಗಿ ಹೋದೆ. ಏನಾಯಿತು, ಆಸ್ಪತ್ರೆಗೆ ತೋರಿಸಿದಿರಾ ಎಂದೆ.

"ಮೈಗೇನೂ ಆಗಿಲ್ಲ. ಹನ್ನೊಂದ್ ದಿನ ಆಯ್ತು, ಒಂದ್ ಮಾತಾಡಿಲ್ಲ. ಯಾರೋ ಅವಳ್ಗೆ ಆ ವಿಡಿಯೋ ತೋರ್ಸವ್ರೆ. ಮುದ್ದೆ ಇಕ್ಕು ಅಂದ್ರೆ ಇಕ್ತಾಳೆ. ಉಪ್ಪು ಕಮ್ಮಿ ಅಂದ್ರೆ ಉಪ್ಪಿನ್ ಡಬ್ಬಾನೇ ತಂದು ಮುಂದ್ಕಿಡ್ತಾಳೆ. ಏನಾಯ್ತೇ ಅಂದ್ರೆ ನಗ್ತಾಳೆ. ಬಯ್ಯೇ, ಬಯ್ದಾದ್ರೂ ಬಯ್ಯೇ ಅಂದೆ. ಊಹೂಂ. ಮನೇಲಿ ಒಬ್ನೇ ಇದ್ದಂಗಾಗದೆ. ಸುಮ್ಕೆ ಒಳ್ಳೆ ಬೊಂಬೆ ಥರ ಕೂರ್ಸಿದ್ ತಾವೇ..."

ಅಷ್ಟಕ್ಕೆ ನಿಂತುಬಿಟ್ಟರು. ನನ್ನ ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದರೆ ಶಾಹೀನಾ. ಎರಡು ತಿಂಗಳಿಂದ ನಗದಿದ್ದವಳು, ದುಪಟ್ಟಾ ಬಾಯಿಗೆ ತುರುಕಿಕೊಂಡು, ತಡೆಯಲಾರದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅವಳನ್ನು ನೋಡಿ ಇಡೀ ಶೆಡ್ಡು ನಕ್ಕಿತು. ಗೌಡರು ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಗಿ ನಗಿ," ಎಂದರು. "ಈ ಕಡೆಯಿಂದ ಕೇಳುದ್ರೆ ಎಂಗಿರ್ತದೆ ಅಂತ ಈಗ ಗೊತ್ತಾಯ್ತಾ ಐತೆ."

ಆಮೇಲೆ ಬುಟ್ಟಿಯ ಕಡೆ ತಿರುಗಿದರು. ಅದರ ಪದ್ಧತಿ ಅವರಿಗೂ ಗೊತ್ತಿತ್ತಲ್ಲ. "ಇಲ್ಲೇ ಯೋಳ್ಬುಡ್ಲಾ, ಶಾಹೀನಮ್ಮ?"

ಶಾಹೀನಾ ಕಣ್ಣು ಒರೆಸಿಕೊಂಡು ಬೇಡವೆಂದು ತಲೆಯಾಡಿಸಿದಳು. "ಇಲ್ಲಿ ಒಡ್ದಿಲ್ವಲ್ಲ ಗೌಡ್ರೇ. ಅಲ್ಲಿ ಒಡ್ದಿದ್ದು."

ಜೂನ್ ಮೊದಲ ವಾರ ಹೊರಟೆವು. ಹದಿನಾಲ್ಕು ಜನ ಹೆಂಗಸರು, ಮೇಡಂ, ಮೇಡಂ ಅವರ ಬೆತ್ತ, ಎರಡು ದೊಡ್ಡ ಪಾತ್ರೆ ಚಿತ್ರಾನ್ನ, ಒಂದು ಪಾತ್ರೆ ಮೊಸರನ್ನ, ಒಂದು ಕ್ರೇಟು ಬಾದಾಮಿ ಹಣ್ಣು. ಗೌಡರು ಡ್ರೈವರ್ ಪಕ್ಕದ ಸೀಟಿನಲ್ಲಿ, ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಎದೆಗೆ ಕೈ ಕಟ್ಟಿಕೊಂಡು ಕೂತಿದ್ದರು. ಊರ ಹೊರಗಿನ ಅವರ ಮನೆಯ ಮುಂದೆ ಟೆಂಪೋ ನಿಲ್ಲಿಸಿದಾಗ ನಾವೆಲ್ಲ ಗೌಡ್ರಮ್ಮ ಎಂದೇ ಕರೆಯುತ್ತಿದ್ದ ಅವರ ಹೆಂಡತಿ ನೀಲಿ ಸೀರೆಯುಟ್ಟು ಗೇಟಿನಲ್ಲಿ ನಿಂತಿದ್ದರು. ಕರೆದವರು ಯಾರೋ ಗೊತ್ತಿಲ್ಲ. ಏನೂ ಹೇಳದೆ ಹತ್ತಿ ನನ್ನ ಪಕ್ಕದ ಕಿಟಕಿಯಲ್ಲಿ ಕೂತರು. ಗೌಡರು ಹಿಂದೆ ತಿರುಗಿ ನೋಡಿ, ಏನೋ ಕೇಳಬೇಕೆಂದುಕೊಂಡು, ಕೇಳದೆ ಮುಂದೆ ತಿರುಗಿದರು.

ಸಾತನೂರಿನ ರಸ್ತೆಯುದ್ದಕ್ಕೂ ಹಾಡು. ತಿಂದ ಹಣ್ಣಿನ ಗೊರಟಗಳನ್ನು ಯಾರು ದೂರ ಎಸೆಯುತ್ತಾರೆಂದು ಪಂದ್ಯ, ಮೇಡಂ ಗೆದ್ದರು. ತುಂತುರು ಮಳೆ ಬಂದು ಹೋಯಿತು. ಕಬ್ಬಾಳದುರ್ಗ ಕಾಣಿಸಿಕೊಂಡಾಗ ಅದರ ನೆತ್ತಿಗೆ ಮೋಡ ಕೂತಿತ್ತು. ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ಅಮ್ಮನಿಗೆ ಕೈ ಮುಗಿದು ಬಂದೆವು. ಅಷ್ಟರಲ್ಲಿ ಶಾಹೀನಾ ಬಳೆ ಅಂಗಡಿಯಲ್ಲಿ ಎರಡು ಕೈ ತುಂಬ ಹಸಿರು ಬಳೆ ಏರಿಸಿಕೊಂಡು ನಿಂತಿದ್ದಳು. ಅವಳ ತುಟಿ ಒಣಗಿದ್ದು ನಾನು ನೋಡಿದೆ. ಹೆದರಿಕೆಯಾ ಎಂದೆ. "ಜನ ಬರದಿದ್ರೆ ಅಕ್ಕಾ?" ಎಂದಳು.

ಜನ ಬಂದಿದ್ದರು. ನಾನು ಹದಿನೇಳು ಮನೆಗೂ ಫೋನು ಮಾಡಿ, ಗೌಡರು ತಪ್ಪೊಪ್ಪಿಕೊಳ್ಳಲು ಬರುತ್ತಿದ್ದಾರೆ ಎಂದಿದ್ದೆ. ಅಂಥದ್ದೊಂದನ್ನು ಈ ಕಡೆ ಯಾರೂ ಕಂಡಿರಲಿಲ್ಲ. ನೋಡಿಯೇ ಬಿಡೋಣವೆಂದು ಮಾರ್ಚಿಯಲ್ಲಿ ಬಂದಿದ್ದವರ ಎರಡರಷ್ಟು ಜನ ಸೇರಿದ್ದರು. ಕಿಟಕಿಗಳಲ್ಲೂ ತಲೆಗಳು. ವೇದಿಕೆಯ ಮೇಲೆ ಮೇಡಂ, ಶಾಹೀನಾ, ಇಬ್ಬರಿಗೇ ಕುರ್ಚಿ. ಗೌಡರು ಹೋಗಿ ಮೈಕಿನ ಮುಂದೆ ನಿಂತರು. ಮೈಕು ಕಂಡರೆ ಅರಳುತ್ತಿದ್ದ ಮನುಷ್ಯ ಅದನ್ನು ಹಾವನ್ನು ಹಿಡಿದ ಹಾಗೆ ಹಿಡಿದರು.

"ಮಾರ್ಚಿ ತಿಂಗಳಲ್ಲಿ ಇದೇ ತಾವ ನಿಂತ್ಕಂಡು..." ಎಂದು ಶುರು ಮಾಡಿದರು.

"ಕೇಳಾಕಿಲ್ಲ, ಜೋರಾಗ್ ಯೋಳಪ್ಪೋ!" ಎಂದು ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು. ಮತ್ತೆ ಮೊದಲಿಂದ ಹೇಳಬೇಕಾಯಿತು.

"ಇದೇ ತಾವ ನಿಂತ್ಕಂಡು, ಈ ಶಾಹೀನಮ್ಮನ ಕೈಯಿಂದ ಮೈಕ್ ಕಿತ್ಕಂಡೆ. ಹೆಂಗಸ್ರು ಬೊಂಬೆಯಂಗಿರ್ಬೇಕು, ಬಾಯಿರ್ಬಾರ್ದು ಅಂದೆ. ಈವಮ್ಮನ ತಾವ ನಿಮ್ಮೆಣ್ಮಕ್ಳ ಕಳಿಸ್ಬ್ಯಾಡಿ ಅನ್ನಂಗೆ ಮಾತಾಡ್ದೆ. ನಿಮ್ಮನ್ನ ನಗ್ಸಾಕೆ ಅಂತ. ಅದು ತಮಾಸೆಯಲ್ಲ, ತಪ್ಪು. ನಾನು ಮಾಡಿದ್ ತಪ್ಪು. ಅದರಿಂದ ಈವಮ್ಮನ ಸೆಂಟರ್ ನಿಂತೋಯ್ತು. ಹದಿನಾರ್ ವರ್ಸದಿಂದ ನಮ್ ಶೆಡ್ಡಲ್ಲಿ ಕೆಲ್ಸ ಕಲಿಸ್ತಾವ್ರೆ, ಇವರಂಗೆ ಕಲ್ಸೋರು ಇನ್ನೊಬ್ರಿಲ್ಲ. ನಾನೀಗ ಟ್ರಸ್ಟಲ್ಲಿಲ್ಲ. ಇದನ್ನ ಯೋಳೋಗಾಕೆ ಬಂದೆ. ತಪ್ಪಾಯ್ತು ಶಾಹೀನಮ್ಮ."

ಗೌಡರು ಮೈಕನ್ನು ಎರಡೂ ಕೈಯಿಂದ ಶಾಹೀನಾಳಿಗೆ ಕೊಟ್ಟು ಕೆಳಗಿಳಿದು, ಜಾಗ ಹುಡುಕಿ, ಗಂಡಸರ ಸಾಲಿನ ಕೊನೆಯ ಚಾಪೆಯ ಅಂಚಿನಲ್ಲಿ ಕೂತರು. ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ, ಜೀಪಿನಲ್ಲಿ ಆಸ್ಪತ್ರೆಗೆ ಓಡಿಸಿದ ದಿನವೂ.

ಶಾಹೀನಾ ಮೈಕು ಸರಿಮಾಡಿಕೊಂಡಳು. ಬಳೆಗಳ ಸದ್ದು ಭವನದ ತುಂಬ ಕೇಳಿಸಿತು. "ಆರು ತಿಂಗಳಲ್ಲಿ," ಎಂದಳು, "ನಿಮ್ ಕೈಯಲ್ಲಿ ಏನೇನ್ ಮಾಡಿಸ್ತೀನಿ ಅಂತ ಹೇಳ್ತಾ ಇದ್ದೆ..." ಎಲ್ಲಿ ನಿಂತಿತ್ತೋ ಅಲ್ಲಿಂದಲೇ! ಹೆಂಗಸರ ಕಡೆಯಿಂದ ಒಬ್ಬರು ಚಪ್ಪಾಳೆ ಶುರುಮಾಡಿದರು, ಆಮೇಲೆ ಕಿಟಕಿಯ ಹೊರಗಿನವರೂ ಸೇರಿದರು. ಅವಳು ಅರ್ಧ ಗಂಟೆ ಮಾತಾಡಿದಳು. ಊಟದ ಹೊತ್ತಾಯಿತು, ಯಾರೂ ಏಳಲಿಲ್ಲ.

ಆಮೇಲೆ ಬಾಗಿಲ ಬಳಿ ನಾನು ಮೇಜು ಹಾಕಿಕೊಂಡು ಹೊಸ ಪಟ್ಟಿ ಶುರುಮಾಡಿದೆ. ಮಾವಂದಿರು ಸೊಸೆಯರನ್ನು ತಾವೇ ಕರೆತಂದರು. ಹಳೆಯ ಹದಿನೇಳರಲ್ಲಿ ಹದಿಮೂರು ಜನ ಬಂದರು, ಹೊಸಬರು ಬೇರೆ. ಕಿವಿ ಕೇಳದ ಆ ಅಜ್ಜಿಯೂ ಬಂದು, ತನಗೂ ಕಲಿಸುತ್ತೀರಾ ಎಂದಳು. ಇಪ್ಪತ್ತಾರು ಹೆಸರು ಬರೆಯುವಷ್ಟರಲ್ಲಿ ನನ್ನ ಕೈ ಸೋತಿತ್ತು, ಶಾಹೀನಾ ನನ್ನ ಹೆಗಲ ಮೇಲಿಂದ ಒಂದೊಂದು ಹೆಸರನ್ನೂ ತುಟಿಯಾಡಿಸಿಕೊಂಡು ಓದುತ್ತಿದ್ದಳು. ಸಾಲಿನ ಕೊನೆಯಲ್ಲಿ ಗೌಡ್ರಮ್ಮ ನಿಂತಿದ್ದರು.

"ನೀವೂನಾ?" ಎಂದೆ. ಹೌದೆಂದು ತಲೆಯಾಡಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಕೇಳದೆಯೇ ಇಪ್ಪತ್ತೇಳನೆಯ ಸಾಲಿನಲ್ಲಿ 'ಶ್ರೀಮತಿ ಚಿಕ್ಕೇಗೌಡ' ಎಂದು ಬರೆದೆ. ಅವರು ಬಗ್ಗಿ ಓದಿದರು. ಓದಿ, ಅದರ ಮೇಲೆ ಬೆರಳಿಟ್ಟು, ಅಲ್ಲ ಎನ್ನುವ ಹಾಗೆ ಬೆರಳಾಡಿಸಿದರು. ಪೆನ್ನು ಹಿಡಿದುಕೊಂಡು ಕೂತೆ. ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಹನ್ನೆರಡು ವರ್ಷದಿಂದ ಅವರ ಮನೆಗೆ ಹೋಗಿದ್ದೇನೆ, ಅವರ ಕೈಯ ಕಾಫಿ ಕುಡಿದಿದ್ದೇನೆ, ಒಬ್ಬಟ್ಟು ಕಟ್ಟಿಸಿಕೊಂಡು ಬಂದಿದ್ದೇನೆ.

"ಚಂದ್ರಕಲಾ," ಎಂದರು ಅವರು. ಎಷ್ಟೋ ದಿನಗಳಾದ ಮೇಲೆ ಆಡಿದ ಮಾತಾದ್ದರಿಂದ ಧ್ವನಿ ಒಡೆದಿತ್ತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು. "ಕೆ. ಚಂದ್ರಕಲಾ. ಎಸ್ಸೆಸ್ಸೆಲ್ಸಿ ಪಾಸು. ಅದ್ನೂ ಬರ್ಕಳಿ."

ನಾನು ಹಳೆಯದನ್ನು ಹೊಡೆದು, ದಪ್ಪ ಅಕ್ಷರಗಳಲ್ಲಿ ಬರೆದೆ. ಬರೆದು ಎದ್ದು ನಿಂತೆ. "ಹನ್ನೆರಡು ವರ್ಷ ನಿಮ್ಮ ಹೆಸರು ಕೇಳಲಿಲ್ಲ ನಾನು. ತಪ್ಪಾಯ್ತು," ಎಂದೆ.

ಚಂದ್ರಕಲಾ ನನ್ನ ಮುಖ ನೋಡಿ, ಆಮೇಲೆ ಚಾಪೆಯ ಅಂಚಿನಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ ಗೌಡರ ಕಡೆ ಕಣ್ಣು ಹಾಯಿಸಿದರು. ಮುಖದ ತುಂಬ ನಗು ಹರಡಿತು.

"ನೀವು ಈಗಾದ್ರೂ ಕೇಳುದ್ರಿ ಬುಡಿ ಸುಮಿತ್ರಮ್ಮ," ಎಂದರು. "ಅವರಿನ್ನೂ ಗ್ಯಾಪಕ ಮಾಡ್ಕತಾವ್ರೆ."